ಎಲ್ಲಿ ಉಜ್ಜುತ್ತದೆ, ಮೊದಲು ಅದನ್ನು ನೋಡು

ತಮ್ಮಾ, ಟ್ರಾಕ್ಟರ್ ಮನೆಗೆ ಬಂತು, ಅದರ ಹಿಂದೆಯೇ ಪಲ್ಟಿ ನೇಗಿಲು ಬಂತು, ಈಗ ಜಾಕ್ ಟ್ರೈಲರೂ ಬಂದಿದೆ. ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಯುವುದಕ್ಕೆ, ತಿಪ್ಪೆಗೊಬ್ಬರ ಹೊಲಕ್ಕೆ ಸಾಗಿಸುವುದಕ್ಕೆ ಊರವರು ನಿನ್ನ ಮನೆ ಬಾಗಿಲಿಗೇ ಬರುತ್ತಾರೆ. ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕು, ಏರ್ ಕ್ಲೀನರ್ ಹೇಗೆ ನೋಡಿಕೊಳ್ಳಬೇಕು, ಎಲ್ಲೆಲ್ಲಿ ಗ್ರೀಸ್ ಹೊಡೆಯಬೇಕು ಅನ್ನುವುದನ್ನು ಮಾರಿದವರು ಹೇಳಿ ಕಳಿಸಿರುತ್ತಾರೆ. ಹಿಂದುಗಡೆ ಜೋತಾಡುವ ಆ ಕಪ್ಪು ಹೈಡ್ರಾಲಿಕ್ ಪೈಪುಗಳ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಒಡೆದಾಗ ನೋಡಿಕೊಂಡರಾಯಿತು ಅನ್ನುವುದು ನಮ್ಮ ಕಡೆಯ ರೂಢಿ. ಆ ರೂಢಿಗೆ ನೀನು ಬೀಳಬಾರದು ಅಂತ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಚೆನ್ನಾಗಿರುವ ಪೈಪು ಇದ್ದಕ್ಕಿದ್ದಂತೆ ಒಡೆಯುವುದು ಅಪರೂಪ. ಅದು ಎಲ್ಲೋ ಒಂದು ಕಡೆ ಕಬ್ಬಿಣಕ್ಕೆ ತಾಗಿಕೊಂಡು, ತಿಂಗಳುಗಟ್ಟಲೆ ಉಜ್ಜಿಸಿಕೊಂಡು, ಸವೆದು ಸವೆದು, ಕಡೆಗೊಂದು ದಿನ ಭಾರ ಎತ್ತುವಾಗ ಬಾಯಿ ಬಿಡುತ್ತದೆ. ಆ ತಾಗುವ ಜಾಗ ಕಣ್ಣಿಗೆ ಕಾಣುವಂಥದ್ದೇ. ಬಗ್ಗಿ ನೋಡುವವರು ಕಡಿಮೆ, ಅಷ್ಟೆ. ಆದ್ದರಿಂದ ಪೈಪಿಗೆ ಏನು ಸುತ್ತಬೇಕು ಅಂತ ಕೇಳುವ ಮೊದಲು ಅದು ಎಲ್ಲಿ ಉಜ್ಜುತ್ತದೆ ಅಂತ ಹುಡುಕು. ಉಜ್ಜುವುದನ್ನೇ ತಪ್ಪಿಸಿಬಿಟ್ಟರೆ ಎಷ್ಟೋ ಕಡೆ ಸುತ್ತುವ ಕೆಲಸವೇ ಬೀಳುವುದಿಲ್ಲ.

ಪೈಪಿನೊಳಗೆ ಏನಿದೆ ಅನ್ನುವುದು ತಿಳಿದಿರಲಿ. ಒಳಗಡೆ ಎಣ್ಣೆಗೆ ಜಗ್ಗದ ರಬ್ಬರಿನ ಕೊಳವೆ. ಅದರ ಮೇಲೆ ಜಡೆ ಹೆಣೆದ ಹಾಗೆ ಉಕ್ಕಿನ ಸಣ್ಣ ತಂತಿಯ ಹೆಣಿಗೆ, ಒಂದು ಪದರವೋ ಎರಡು ಪದರವೋ. ಅದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಹೊರಗಿನ ರಬ್ಬರು. ಒತ್ತಡವನ್ನು ತಡೆಯುವುದು ತಂತಿ. ಆ ತಂತಿಗೆ ನೀರು, ಕೆಸರು, ಗೊಬ್ಬರದ ಉಪ್ಪು ತಾಗದಂತೆ ಕಾಯುವುದು ಹೊರಗಿನ ರಬ್ಬರು. ಇನ್ನು ಒತ್ತಡ ಎಷ್ಟು ಅಂತೀಯಾ? ಟ್ರಾಕ್ಟರ್ ಹೈಡ್ರಾಲಿಕ್‌ನಲ್ಲಿ ಸಾಮಾನ್ಯವಾಗಿ 150ರಿಂದ 200 ಬಾರ್. ಹೊಲದಲ್ಲಿ ಓಡುವಾಗ ಹಿಂದಿನ ದೊಡ್ಡ ಟೈರಿನಲ್ಲಿರುವ ಗಾಳಿ ಹೆಚ್ಚುಕಡಿಮೆ 1 ಬಾರ್. ಬೆರಳು ದಪ್ಪದ ಪೈಪು ಎಷ್ಟು ತಡೆದುಕೊಂಡಿದೆ ಅಂತ ನೀನೇ ಲೆಕ್ಕ ಹಾಕು.

ಹೊಸ ಪೈಪನ್ನು ತನ್ನ ಮೇಲೆ ಬರೆದ ಕೆಲಸದ ಒತ್ತಡದ ನಾಲ್ಕು ಪಟ್ಟು ಬಂದರೂ ಒಡೆಯದ ಹಾಗೆ ಮಾಡಿರುತ್ತಾರೆ. ಅದಕ್ಕೇ ಕೆಲವರು ಸ್ವಲ್ಪ ಸವೆದರೆ ಏನೂ ಆಗುವುದಿಲ್ಲ ಅಂತ ಧೈರ್ಯ ಹೇಳುತ್ತಾರೆ. ಆ ಮಾತು ನಂಬಬೇಡ. ಹೊರ ರಬ್ಬರು ಹೋಗಿ ತಂತಿ ಬೆಳ್ಳಗೆ ಇಣುಕಿತು ಅಂದರೆ, ಅವತ್ತಿನಿಂದ ಆ ಜಾಗಕ್ಕೆ ತುಕ್ಕು ಹತ್ತುತ್ತದೆ. ಕೆಸರುಗದ್ದೆ ಹೊಡೆದು ಬಂದ ಗಾಡಿಯಲ್ಲಂತೂ ತಂತಿಯ ಸಂದಿಗೆ ಹೋದ ಒದ್ದೆ ಮಣ್ಣು ವಾರವಾದರೂ ಒಣಗುವುದಿಲ್ಲ. ತುಕ್ಕು ಹಿಡಿದ ಎಳೆ ಒಂದೊಂದಾಗಿ ಕಿತ್ತು ನಿಲ್ಲುತ್ತದೆ, ಒರೆಸಲು ಹೋದ ಬಟ್ಟೆಗೆ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತದೆ. ಆ ಹಂತಕ್ಕೆ ಬಂದ ಪೈಪಿಗೆ ಮದ್ದಿಲ್ಲ, ಬದಲಿಸಬೇಕು.

ಈಗ ಎಲ್ಲೆಲ್ಲಿ ನೋಡಬೇಕು ಅನ್ನುವುದಕ್ಕೆ ಬರೋಣ. ಕಲ್ಟಿವೇಟರ್, ರೋಟವೇಟರ್ ಎತ್ತಿಳಿಸುವ ಲಿಫ್ಟಿನ ಎಣ್ಣೆ ನಮ್ಮ ಹೆಚ್ಚಿನ ಟ್ರಾಕ್ಟರುಗಳಲ್ಲಿ ಗಾಡಿಯ ಮೈಯೊಳಗೇ ಓಡಾಡುತ್ತದೆ, ಅದಕ್ಕೆ ಹೊರಗೆ ರಬ್ಬರ್ ಪೈಪಿನ ಗೊಡವೆಯಿಲ್ಲ. ಪೈಪು ಬರುವುದು ಟ್ರೈಲರ್ ಜಾಕಿಗೆ, ಪಲ್ಟಿ ನೇಗಿಲಿಗೆ, ಲೇಸರ್ ಲೆವೆಲರಿಗೆ, ಮುಂದೆ ಲೋಡರ್ ಕಟ್ಟಿಸಿದ್ದರೆ ಅದಕ್ಕೆ, ಜೊತೆಗೆ ಪವರ್ ಸ್ಟೀರಿಂಗಿಗೆ.

ಟ್ರೈಲರ್ ಪೈಪು ಹುಕ್ಕಿನ ಮೇಲಿಂದ ಹಾದು ಟ್ರೈಲರ್ ಮುಂಭಾಗದ ತ್ರಿಕೋನದ ಚೌಕಟ್ಟಿನ ಗುಂಟ ಜಾಕಿಗೆ ಹೋಗುತ್ತದೆ. ಗಾಡಿ ನೆಟ್ಟಗೆ ನಿಂತಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕಿರಿದಾದ ಹೊಲದ ದಾರಿಯಲ್ಲಿ ಪೂರ್ತಿ ತಿರುಗಿಸಿ ಹಿಂದಕ್ಕೆ ತೆಗೆಯುವಾಗ ನೋಡಬೇಕು. ಒಂದು ಪಕ್ಕ ಪೈಪು ಬಿಗಿದು ಕಪ್ಲರನ್ನೇ ಜಗ್ಗುತ್ತಿರುತ್ತದೆ, ಇನ್ನೊಂದು ಪಕ್ಕ ಸಡಿಲಾಗಿ ಟೈರಿನ ಹಲ್ಲಿಗೆ ಸಿಗುವಷ್ಟು ಜೋಲುತ್ತದೆ. ಉದ್ದ ಸಾಲದು ಅಂತ ಒಬ್ಬರು, ಉದ್ದ ಹೆಚ್ಚಾಯಿತು ಅಂತ ಇನ್ನೊಬ್ಬರು. ಎರಡೂ ತಪ್ಪುತ್ತದೆ, ಪೈಪನ್ನು ಹುಕ್ಕಿನ ಮೇಲೆ ಸ್ವಲ್ಪ ಎತ್ತರದಲ್ಲಿ ಒಂದು ಸ್ಪ್ರಿಂಗಿನಿಂದ ತೂಗುಹಾಕಿದರೆ. ತಿರುವಿನಲ್ಲಿ ಬಿಟ್ಟುಕೊಡುತ್ತದೆ, ನೆಟ್ಟಗಾದಾಗ ಮೇಲೆಳೆದುಕೊಳ್ಳುತ್ತದೆ. ಪಿಟಿಒ ಶಾಫ್ಟಿನ ಹತ್ತಿರ ಅಂತೂ ಪೈಪು ಸುಳಿಯಲೇಬಾರದು. ಟ್ರೈಲರ್ ಕಟ್ಟಿದಾಗ ಪಿಟಿಒ ಬಂದ್ ಇರಲಿ, ಅದರ ಮೂತಿಗೆ ಮುಚ್ಚಳ ಇರಲಿ. ನಿಮಿಷಕ್ಕೆ 540 ಸುತ್ತು ತಿರುಗುವ ಶಾಫ್ಟಿಗೆ ಪೈಪು ಸುತ್ತಿಕೊಂಡರೆ ಬಿಡಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಪಲ್ಟಿ ನೇಗಿಲಿನದು ಬೇರೆ ತೊಂದರೆ. ಸಾಲಿನ ಕೊನೆಗೆ ಬಂದು ನೇಗಿಲು ಮಗುಚುವಾಗ ಅದರ ಪೈಪುಗಳು ಅರ್ಧ ಸುತ್ತು ಜೊತೆಗೇ ತಿರುಗಬೇಕು. ದಿನಕ್ಕೆ ಎಷ್ಟು ಸಾಲು ಉಳುತ್ತೀಯೋ ಅಷ್ಟು ಸಲ. ಆ ಓಡಾಟದಲ್ಲಿ ಪೈಪು ಟಾಪ್ ಲಿಂಕಿಗೆ ತಾಗುತ್ತದೆಯೇ ಅಂತ ಎಲ್ಲರೂ ನೋಡುತ್ತಾರೆ, ಆದರೆ ಟಾಪ್ ಲಿಂಕಿನ ಪಿನ್ನಿಗೆ ಹಾಕಿದ ಕಾಟರ್ ಪಿನ್ನಿನ ತುದಿಯನ್ನು ನೋಡುವುದಿಲ್ಲ. ಅರ್ಧಂಬರ್ಧ ಮಡಚಿ ಬಿಟ್ಟ ಆ ತಂತಿಯ ಚೂಪು, ನೇಗಿಲು ಮಗುಚಿದಾಗಲೆಲ್ಲ ಪೈಪಿನ ಒಂದೇ ಜಾಗವನ್ನು ಕೆರೆಯುತ್ತದೆ. ಹತ್ತಿರದಿಂದ ನೋಡಿದರೆ ರಬ್ಬರಿನ ಮೇಲೆ ಉಗುರಿನಿಂದ ಗೀರಿದಂಥ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು, ಒಂದೇ ದಿಕ್ಕಿನವು. ಆ ಗೆರೆ ಕಂಡರೆ ಎದುರಿಗೆ ಯಾವುದೋ ಚೂಪು ಇದೆ ಅಂತಲೇ ಅರ್ಥ. ಇಕ್ಕಳದಿಂದ ಪಿನ್ನಿನ ತುದಿಯನ್ನು ಪೂರ್ತಿ ಮಡಚು, ಇಲ್ಲ ಅದನ್ನು ಆಚೆ ಮುಖ ತಿರುಗಿಸಿ ಹಾಕು. ಖರ್ಚಿಲ್ಲದೆ ಒಂದು ಪೈಪು ಉಳಿಯಿತು.

ಎಲ್ಲರೂ ಮರೆಯುವುದು ಸ್ಟೀರಿಂಗ್ ಪೈಪು. ಮುಂದಿನ ಆಕ್ಸಲ್ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುವಂತೆ ಮಾಡಿರುತ್ತಾರೆ. ಬದು ದಾಟುವಾಗ ಒಂದು ಚಕ್ರ ಮೇಲೆ ಇದ್ದು, ಅದೇ ಹೊತ್ತಿಗೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಪೈಪು ಎಲ್ಲಿ ಒತ್ತುತ್ತದೆ ಅನ್ನುವುದು ಶೆಡ್ಡಿನ ಸಮ ನೆಲದಲ್ಲಿ ಗೊತ್ತಾಗುವುದಿಲ್ಲ. ಒಂದು ಚಕ್ರವನ್ನು ಬದುವಿನ ಮೇಲೆ ಹತ್ತಿಸಿ ನಿಲ್ಲಿಸಿ, ಆ ಕಡೆ ಈ ಕಡೆ ತಿರುಗಿಸಿ, ಎಂಜಿನ್ ಬಂದ್ ಮಾಡಿ ಇಳಿದು ನೋಡು.

ಹುಡುಕುವುದಕ್ಕೆ ಒಂದು ಸುಲಭದ ಉಪಾಯ ಇದೆ. ಪೈಪನ್ನು ಒರೆಸಿ, ಉದ್ದಕ್ಕೂ ಸೀಮೆಸುಣ್ಣ ಬಳಿ. ಒಂದು ಹೊತ್ತು ಕೆಲಸ ಮಾಡಿ ಬಾ. ಎಲ್ಲಿ ಸುಣ್ಣ ಅಳಿಸಿಹೋಗಿ ಕಪ್ಪು ಮಿಂಚುತ್ತದೋ ಅಲ್ಲಿ ತಾಗುತ್ತಿದೆ. ಹಾಗೆಯೇ ಒಂದು ಕಡೆ ಮಾತ್ರ ಧೂಳು ಕಪ್ಪಗೆ, ಒದ್ದೆಯಾಗಿ ಅಂಟಿದ್ದರೆ ಅಲ್ಲಿ ಎಣ್ಣೆ ಜಿನುಗುತ್ತಿದೆ. ಹೊರ ರಬ್ಬರು ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ಕೊಳವೆ ಆಗಲೇ ಸೋತಿದೆ. ಬಗ್ಗಿಸಿದಾಗ ಸಣ್ಣ ಬಿರುಕು ಬಿಡುವ, ಗಟ್ಟಿಯಾಗಿಬಿಟ್ಟ ಪೈಪಿನ ಮೇಲೂ ಭರವಸೆ ಇಡಬೇಡ.

ತಾಗುವ ಜಾಗ ಸಿಕ್ಕಿತು ಅಂದುಕೋ. ಮೊದಲು ಪೈಪಿನ ದಾರಿ ಬದಲಿಸುವುದಕ್ಕೆ ಆಗುತ್ತದೆಯೇ ನೋಡು. ಎರಡು ಬೆರಳು ಆಚೆ ಸರಿಸಿ ಒಂದು ಕ್ಲಾಂಪ್ ಹಾಕಿದರೆ ಎಷ್ಟೋ ಕಡೆ ಕೆಲಸ ಮುಗಿಯುತ್ತದೆ. ಕ್ಲಾಂಪ್ ಪೈಪಿನ ಅಳತೆಯದ್ದೇ ಆಗಿರಬೇಕು. ದೊಡ್ಡದಾದರೆ ಪೈಪು ಅದರೊಳಗೆ ಹಿಂದೆ ಮುಂದೆ ಆಡುತ್ತ ಕ್ಲಾಂಪಿನಿಂದಲೇ ಸವೆಯುತ್ತದೆ, ಚಿಕ್ಕದಾದರೆ ಕತ್ತು ಹಿಸುಕಿದಂತಾಗುತ್ತದೆ. ಬಾಗಿದ ಜಾಗದಲ್ಲಿ ಕ್ಲಾಂಪ್ ಹಾಕಬೇಡ, ನೆಟ್ಟಗಿರುವ ಕಡೆ ಹಾಕು. ಒತ್ತಡ ಏರಿದಾಗ ಪೈಪು ಉದ್ದದಲ್ಲಿ ನೂರಕ್ಕೆ 4ರಷ್ಟು ಕುಗ್ಗಬಹುದು, 2ರಷ್ಟು ಹಿಗ್ಗಲೂಬಹುದು. ಒಂದೂವರೆ ಮೀಟರಿನ ಪೈಪು 6 ಸೆಂಟಿಮೀಟರಿನವರೆಗೆ ಕುಗ್ಗುತ್ತದೆ ಅಂದಮೇಲೆ ತಂತಿ ಜಗ್ಗಿದಂತೆ ಬಿಗಿಯಾಗಿ ಕೂರಿಸಿದರೆ ಅದರ ಎರಡೂ ತುದಿ ಪ್ರತಿ ಸಲವೂ ಕೀಳಿಸಿಕೊಳ್ಳುತ್ತಿರುತ್ತವೆ. ಸ್ವಲ್ಪ ಜೋಲು ಬಿಡಲೇಬೇಕು.

ಬಾಗುವಿಕೆಗೂ ಮಿತಿ ಇದೆ. ಅರ್ಧ ಇಂಚಿನ ಎರಡು ಪದರದ ಪೈಪನ್ನು ಸುಮಾರು 7 ಇಂಚಿನ ತ್ರಿಜ್ಯಕ್ಕಿಂತ ಚಿಕ್ಕದಾಗಿ ಬಗ್ಗಿಸಬಾರದು. ಅಂದರೆ ಅದೇ ಬಾಗನ್ನು ಪೂರ್ತಿ ಸುತ್ತು ತಂದರೆ ಅಡ್ಡಗಲ 14 ಇಂಚಾದರೂ ಬರಬೇಕು. ಫಿಟ್ಟಿಂಗ್ ಮುಗಿದ ಕೂಡಲೇ ಪೈಪು ತಿರುಗಬಾರದು, ಒಂದೆರಡು ಇಂಚು ನೆಟ್ಟಗೆ ಬಂದು ಆಮೇಲೆ ಬಾಗಲಿ. ಜಾಗ ಸಾಲದಿದ್ದರೆ ಎಲ್ಬೋ ಫಿಟ್ಟಿಂಗ್ ಹಾಕಿಸು. ಪೈಪು ತಿರುಚಿಕೊಳ್ಳುವುದು ಇನ್ನೂ ಕೆಟ್ಟದ್ದು. ಪೈಪಿನ ಮೇಲೆ ಉದ್ದಕ್ಕೆ ಅಕ್ಷರಗಳ ಸಾಲು ಇರುತ್ತದಲ್ಲ, ಅದನ್ನು ನೋಡಿಕೊಂಡೇ ಕೂರಿಸಬೇಕು. ಆ ಸಾಲು ಬಳ್ಳಿಯ ಹಾಗೆ ಸುತ್ತಿಕೊಂಡು ಹೋದರೆ ಪೈಪು ತಿರುಚಿದೆ. ನಟ್ ಬಿಗಿಯುವಾಗ ಎರಡು ಸ್ಪ್ಯಾನರ್ ಹಿಡಿ. ಒಂದರಿಂದ ಪೈಪಿನ ತುದಿಯ ಚಪ್ಪಟೆ ಜಾಗವನ್ನು ಅಲುಗದಂತೆ ಹಿಡಿದುಕೊಂಡು ಇನ್ನೊಂದರಿಂದ ನಟ್ ತಿರುಗಿಸು.

ದಾರಿ ಬದಲಿಸಲು ಆಗದ ಕಡೆ ಮಾತ್ರ ಹೊದಿಕೆಯ ಮಾತು. ಅಂಗಡಿಯಲ್ಲಿ ಸುರುಳಿಯಾಗಿ ಸುತ್ತುವ ಪ್ಲಾಸ್ಟಿಕ್ ಸ್ಪೈರಲ್ ಗಾರ್ಡ್ ಸಿಗುತ್ತದೆ, ಪೈಪು ಬಿಚ್ಚದೆಯೇ ಹಾಕಬಹುದು. ನೈಲಾನ್ ಬಟ್ಟೆಯ ತೋಳು ಸಿಗುತ್ತದೆ, ಅದನ್ನು ಪೈಪು ಕೂರಿಸುವಾಗಲೇ ಏರಿಸಬೇಕು. ಕೈಯಲ್ಲಿ ಏನೂ ಇಲ್ಲದಿದ್ದರೆ ಸ್ವಲ್ಪ ದಪ್ಪನೆಯ ಹಳೇ ನೀರಿನ ಪೈಪನ್ನು ಗೇಣುದ್ದ ಕತ್ತರಿಸಿ, ಉದ್ದಕ್ಕೆ ಸೀಳಿ ತೊಡಿಸು. ಹೊದಿಕೆ ಸವೆಯಲಿ, ಪೈಪು ಉಳಿಯಲಿ. ಆಗಾಗ ಸರಿಸಿ ಕೆಳಗಿನ ರಬ್ಬರು ಹೇಗಿದೆ ನೋಡುತ್ತಿರಬೇಕು.

ಸೈಕಲ್ ಟ್ಯೂಬನ್ನು ಬಿಗಿಯಾಗಿ ಸುತ್ತಿ ಗಂಟು ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದರೊಳಗೆ ನೀರು ನಿಲ್ಲುತ್ತದೆ, ಮಣ್ಣು ಸೇರುತ್ತದೆ, ಒಳಗೆ ತಂತಿ ತುಕ್ಕು ಹಿಡಿದರೂ ಜಿನುಗು ಶುರುವಾದರೂ ಹೊರಗೆ ಕಾಣುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಬೈಂಡಿಂಗ್ ವೈರ್. ಸೆಂಟ್ರಿಂಗ್ ಕೆಲಸದಲ್ಲಿ ಉಳಿದ ತಂತಿ ತಂದು ಪೈಪನ್ನು ಚೌಕಟ್ಟಿಗೆ ಬಿಗಿದು ಕಟ್ಟುತ್ತಾರೆ. ಪೈಪು ಪ್ರತಿ ಸಲ ಹಿಗ್ಗಿ ಕುಗ್ಗುವಾಗಲೂ ಆ ತಂತಿ ಗರಗಸದ ಕೆಲಸ ಮಾಡುತ್ತದೆ. ನಿನ್ನ ಗಾಡಿಯಲ್ಲಿ ಎಲ್ಲಾದರೂ ಹಾಗೆ ಕಟ್ಟಿದ್ದರೆ ಇವತ್ತೇ ಕತ್ತರಿಸಿ ತೆಗೆ.

ಹೊರಗಿನ ಸವೆತದಷ್ಟೇ ಗಮನ ಕಪ್ಲರಿಗೂ ಕೊಡು. ಟ್ರೈಲರ್ ಬಿಚ್ಚಿದ ಮೇಲೆ ಪೈಪಿನ ತುದಿಯನ್ನು ನೆಲಕ್ಕೆ ಎಸೆದು ಹೋಗುವುದನ್ನು ದಿನಾ ನೋಡುತ್ತೇನೆ. ಆ ತುದಿಗೆ ಹತ್ತಿದ ಮರಳು ಮುಂದಿನ ಸಲ ಜೋಡಿಸಿದಾಗ ಸೀದಾ ಒಳಗೆ ಹೋಗುತ್ತದೆ. ನಮ್ಮ ಅನೇಕ ಟ್ರಾಕ್ಟರುಗಳಲ್ಲಿ ಹೈಡ್ರಾಲಿಕ್ಕಿಗೂ ಗೇರ್ ಬಾಕ್ಸಿಗೂ ಒಂದೇ ಎಣ್ಣೆ. ಹಾಗಾಗಿ ಪೈಪಿನ ತುದಿಯ ಮರಳು ಪಂಪಿಗೂ ಗೇರಿಗೂ ಹಂಚಿಹೋಗುತ್ತದೆ. ಪೈಪು ಒಡೆದು ಎಣ್ಣೆ ಖಾಲಿಯಾದರೂ ಅಷ್ಟೇ, ಲಿಫ್ಟ್ ಮಾತ್ರ ನಿಲ್ಲುವುದಲ್ಲ, ಗೇರ್ ಬಾಕ್ಸ್ ಒಣಗುತ್ತದೆ. ಇನ್ನೊಂದು ಸೂಕ್ಷ್ಮ: ಬೇರೆಯವರ ಜಾಕ್ ಟ್ರೈಲರ್ ಎರವಲು ತಂದು ನಿನ್ನ ಟ್ರಾಕ್ಟರಿಗೆ ಕಟ್ಟಿದರೆ ಅವರ ಜಾಕಿನೊಳಗಿನ ಎಣ್ಣೆ ಇಳಿಸುವಾಗ ನಿನ್ನ ಗಾಡಿಗೇ ಬರುತ್ತದೆ. ಆ ಎಣ್ಣೆ ಎಷ್ಟು ವರ್ಷದ್ದೋ, ಅದರಲ್ಲಿ ನೀರೆಷ್ಟು ಸೇರಿದೆಯೋ ತಿಳಿಯದು. ನೆರೆಹೊರೆಯಲ್ಲಿ ಇಲ್ಲ ಅನ್ನಲಾಗುವುದಿಲ್ಲ, ನನಗೂ ಗೊತ್ತು. ತುದಿ ಒರೆಸಿ ಜೋಡಿಸು, ಸುಗ್ಗಿ ಮುಗಿದ ಮೇಲೆ ಎಣ್ಣೆಯ ಬಣ್ಣ ನೋಡು, ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ತಡಮಾಡದೆ ಬದಲಿಸು.

ಕಪ್ಲರ್ ಬಿಚ್ಚುವ ಮೊದಲು ಟ್ರೈಲರ್ ಪೂರ್ತಿ ಕೆಳಗಿಳಿಸು, ಎಂಜಿನ್ ಬಂದ್ ಮಾಡು, ಲಿವರನ್ನು ಹಿಂದೆ ಮುಂದೆ ಆಡಿಸಿ ಉಳಿದ ಒತ್ತಡ ಬಿಡು. ಒತ್ತಡ ಉಳಿಸಿಕೊಂಡು ಬಿಚ್ಚಿದ ಪೈಪನ್ನು ಬಿಸಿಲಿಗೆ ಬಿಟ್ಟರೆ ಒಳಗಿನ ಎಣ್ಣೆ ಹಿಗ್ಗಿ, ಮಾರನೇ ದಿನ ಏನು ಮಾಡಿದರೂ ಕಪ್ಲರ್ ಕೂರುವುದಿಲ್ಲ. ಆಗ ಕಲ್ಲು ಸುತ್ತಿಗೆ ತಂದು ಬಡಿಯುತ್ತಾರೆ. ಆ ಏಟಿಗೆ ಕಪ್ಲರ್ ಒಳಗಿನ ಸೀಲು ಹಾಳಾಗುತ್ತದೆ. ಬಿಚ್ಚಿದ ತುದಿಗಳಿಗೆ ಮುಚ್ಚಳ ಹಾಕಿ ಚೌಕಟ್ಟಿನ ಕೊಕ್ಕೆಗೆ ಸಿಗಿಸಿಡು.

ಬಿಸಿಲು ರಬ್ಬರನ್ನು ತಿನ್ನುತ್ತದೆ. ಕೆಲಸವಿಲ್ಲದ ತಿಂಗಳುಗಳಲ್ಲಿ ಟ್ರೈಲರ್ ಹೊರಗೆ ನಿಂತರೂ ಪೈಪನ್ನು ಬಿಚ್ಚಿ ಒಳಗಿಡಬಹುದು. ಹುಲ್ಲಿನ ಬಣವೆಯ ಪಕ್ಕ ಬೇಡ, ಇಲಿ ಕಡಿಯುತ್ತದೆ. ಸೈಲೆನ್ಸರ್ ಹತ್ತಿರ ಹಾದುಹೋಗುವ ಪೈಪಿದ್ದರೆ ದೂರ ಸರಿಸು. ಆಯುಧ ಪೂಜೆಗೆ ಗಾಡಿ ತೊಳೆದು ಮಿಂಚಿಸುವಾಗ ಪೈಪಿಗೂ ಕಪ್ಪು ಬಣ್ಣ ಹೊಡೆಯುವವರಿದ್ದಾರೆ, ಹಳೇ ಎಂಜಿನ್ ಆಯಿಲ್ ಬಳಿಯುವವರೂ ಇದ್ದಾರೆ. ಬಣ್ಣ ಬಿರುಕನ್ನು ಮುಚ್ಚುತ್ತದೆ, ಎಣ್ಣೆ ರಬ್ಬರಿಗೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಕುಂಕುಮ ಇಡು, ಸಾಕು. ವರ್ಷಕ್ಕೊಮ್ಮೆ ಗಾಡಿಯ ಮೈಯೆಲ್ಲ ಕೈಯಾಡಿಸುವ ದಿನ ಅದು, ಎಂಜಿನ್ ಬಂದ್ ಇರುವಾಗ ಪೈಪುಗಳನ್ನೂ ತುದಿಯಿಂದ ತುದಿಗೆ ನೋಡಿಬಿಡು.

ಈಗ ಹೇಳುವುದನ್ನು ನೀನೊಬ್ಬನೇ ಕೇಳಿದರೆ ಸಾಲದು, ಗಾಡಿ ಹತ್ತುವ ಎಲ್ಲರಿಗೂ ಹೇಳು. ಸೂಜಿಮೊನೆಯಷ್ಟು ತೂತು ಬಿದ್ದ ಪೈಪಿನಿಂದ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆಯಾಗಿ ಚಿಮ್ಮುತ್ತದೆ. ಎಲ್ಲಿ ಸೋರುತ್ತಿದೆ ಅಂತ ಕೈಯಿಂದ ಸವರಿ ನೋಡಿದರೆ ಅದು ಚರ್ಮ ಕೊರೆದು ಒಳಗೆ ಹೋಗುತ್ತದೆ. ಮೇಲೆ ಮುಳ್ಳು ಚುಚ್ಚಿದಂಥ ಗುರುತು, ಮೊದಲಿಗೆ ನೋವೂ ಅಷ್ಟಾಗಿ ಇರುವುದಿಲ್ಲ. ಒಳಗೆ ಮಾತ್ರ ಎಣ್ಣೆ ನರ, ಮಾಂಸದ ಸಂದಿಗಳಲ್ಲಿ ಹರಡಿ ಕೊಳೆಯಿಸಲು ಶುರುಮಾಡುತ್ತದೆ. ಬೆರಳು, ಕೆಲವೊಮ್ಮೆ ಕೈಯನ್ನೇ ತೆಗೆಯಬೇಕಾಗುತ್ತದೆ. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಮಲಗಬೇಡ, ಊರ ಇಂಜೆಕ್ಷನ್ನಿಗೂ ನಿಲ್ಲಬೇಡ. ಆಪರೇಷನ್ ಮಾಡುವ ದೊಡ್ಡಾಸ್ಪತ್ರೆಗೆ ಆ ಕ್ಷಣವೇ ಹೊರಡು, ಹೆಚ್ಚು ಒತ್ತಡದ ಹೈಡ್ರಾಲಿಕ್ ಎಣ್ಣೆ ಚರ್ಮದೊಳಗೆ ಹೊಕ್ಕಿದೆ ಅಂತ ಬಿಡಿಸಿ ಹೇಳು. ಗುರುತು ಚಿಕ್ಕದು ಅಂತ ಯಾರಾದರೂ ಹಗುರವಾಗಿ ತೆಗೆದುಕೊಂಡರೆ ಮತ್ತೆ ಹೇಳು. ಕೆಲವೇ ಗಂಟೆಗಳೊಳಗೆ ಚಿಕಿತ್ಸೆ ಆಗಬೇಕು. ಸೋರುವ ಜಾಗ ಹುಡುಕಲೇಬೇಕಾದರೆ ಉದ್ದನೆಯ ರಟ್ಟಿನ ತುಂಡು ಹಿಡಿದು, ಕನ್ನಡಕ ಹಾಕಿ, ದೂರ ನಿಂತು ನೋಡು. ರಟ್ಟಿನ ಮೇಲೆ ಎಣ್ಣೆಯ ಗುರುತು ಬೀಳುತ್ತದೆ.

ಎತ್ತಿದ ಟ್ರೈಲರಿನ ಕೆಳಗೆ ತಲೆ ಹಾಕುವುದೂ ಅಷ್ಟೇ ಅಪಾಯ. ಅದನ್ನು ಮೇಲೆ ಹಿಡಿದಿರುವುದು ಆ ಪೈಪಿನೊಳಗಿನ ಎಣ್ಣೆ. ಪೈಪು ಒಡೆದರೆ ಓಡಿ ಬರುವಷ್ಟು ಹೊತ್ತು ಸಿಗುವುದಿಲ್ಲ. ಗ್ರೀಸ್ ಹೊಡೆಯುವುದಕ್ಕಾಗಲಿ, ಪೈಪು ನೋಡುವುದಕ್ಕಾಗಲಿ ಕೆಳಗೆ ಹೋಗಬೇಕಾದರೆ ಟ್ರೈಲರ್ ಖಾಲಿ ಇರಬೇಕು, ಚಾಸಿಗೂ ತೊಟ್ಟಿಗೂ ನಡುವೆ ಕಬ್ಬಿಣದ ಗಟ್ಟಿ ಆಸರೆ ಕೊಟ್ಟಿರಬೇಕು. ಗೊಬ್ಬರ ಸುರಿಯುವಾಗ ಹಿಂದೆ ಮಕ್ಕಳು ನಿಲ್ಲದಂತೆ ನೋಡಿಕೊ.

ಕಡೆಗೆ ಹೊಸ ಪೈಪು ಹಾಕಿಸುವ ಸಮಯ ಬರುತ್ತದೆ. ಹಳೆಯದನ್ನು ಇಡಿಯಾಗಿ ಬಿಚ್ಚಿ ಅಂಗಡಿಗೆ ಒಯ್ಯಿ, ಉದ್ದ, ದಪ್ಪ, ತುದಿಯ ತ್ರೆಡ್ ಮೂರೂ ಹೊಂದಬೇಕು. ಉಜ್ಜಿ ಸವೆದ ಕಾರಣಕ್ಕೆ ಹೋದದ್ದಾದರೆ, ದಾರಿ ಬದಲಿಸಿದ ಮೇಲೆ ಎಷ್ಟು ಉದ್ದ ಬೇಕು ಅಂತ ದಾರ ಹಿಡಿದು ಅಳೆದುಕೊಂಡೇ ಹೋಗು. ಪೈಪಿನ ಮೇಲಿನ ಬರಹ ಓದು. ಅರ್ಧ ಇಂಚಿನ ಒಂದು ಪದರದ 1ಎಸ್‌ಎನ್ ಪೈಪಿನ ಕೆಲಸದ ಒತ್ತಡ 160 ಬಾರ್, ಎರಡು ಪದರದ 2ಎಸ್‌ಎನ್ ಪೈಪಿನದು 275 ಬಾರ್. ನಿನ್ನ ಗಾಡಿಯ ಪಂಪು 190 ಕೊಡುವಾಗ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಪದರದ್ದನ್ನು ಹಾಕಿಸಿಕೊಂಡರೆ ಅದನ್ನು ಯಾವ ಹೊದಿಕೆಯೂ ಕಾಪಾಡದು. ತಯಾರಾದ ವರ್ಷವನ್ನೂ ಅಲ್ಲೇ ಅಚ್ಚು ಹಾಕಿರುತ್ತಾರೆ. ಜರ್ಮನಿಯ ಡಿಐಎನ್ 20066 ಮಾನದಂಡ, ಜೋಡಿಸಿದ ಪೈಪಿಗೆ ಗೋದಾಮಿನಲ್ಲಿ ಇದ್ದ ಗರಿಷ್ಠ 2 ವರ್ಷವೂ ಸೇರಿ ಒಟ್ಟು 6 ವರ್ಷ ಆಯುಷ್ಯ ಇಟ್ಟುಕೊಳ್ಳಲು ಹೇಳುತ್ತದೆ. ನಮ್ಮ ಬಿಸಿಲಿಗೆ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ಸರಿಯಲ್ಲ. ಕತ್ತರಿಸಿದಾಗ ಪೈಪಿನೊಳಗೆ ರಬ್ಬರು, ಕಬ್ಬಿಣದ ಪುಡಿ ಉಳಿದಿರುತ್ತದೆ. ಕ್ರಿಂಪಿಂಗ್ ಮಾಡುವ ಮೊದಲು ಗಾಳಿ ಹೊಡೆದು ತೆಗೆಸು, ನಿನ್ನ ಕಣ್ಣೆದುರೇ ಆಗಲಿ.

ಕೂರಿಸಿದ ಮೇಲೆ ಎಂಜಿನ್ ನಿಧಾನಕ್ಕೆ ಓಡಿಸಿ, ಖಾಲಿ ಟ್ರೈಲರನ್ನು ಎರಡು ಮೂರು ಸಲ ಎತ್ತಿಳಿಸಿ ಗಾಳಿ ಹೊರಬಿಡು. ಟ್ರೈಲರ್ ಕೆಳಗಿರುವಾಗಲೇ ಎಣ್ಣೆಯ ಮಟ್ಟ ನೋಡಿ ತುಂಬಿಸು. ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ತಾಗುತ್ತದೆಯೇ ನೋಡು, ಸೀಮೆಸುಣ್ಣ ಇನ್ನೊಮ್ಮೆ ಬಳಿ. ಹಳೇ ಪೈಪನ್ನು ಮುಂದೆ ಬೇಕಾದೀತು ಅಂತ ಶೆಡ್ಡಿನ ಮೊಳೆಗೆ ನೇತುಹಾಕಬೇಡ. ಸುಗ್ಗಿಯ ಅವಸರದಲ್ಲಿ ಯಾರಾದರೂ ತಿಳಿಯದೆ ಅದನ್ನೇ ತಂದು ಕಟ್ಟಿಬಿಡುತ್ತಾರೆ. ಅವತ್ತೇ ನಾಲ್ಕು ತುಂಡು ಮಾಡಿ ಗುಜರಿಗೆ ಹಾಕು.